ಸ್ಲೈಡ್ ಸ್ಕ್ಯಾನರ್: ಡಬ್ಬದ ಮೇಲಿನ ಅಂಕಿ ನಂಬಬೇಡಿ

ಪ್ರಶ್ನೆ: ನಮ್ಮ ಮಾವನವರು 1970ರ ದಶಕದಲ್ಲಿ ತೆಗೆದ ಸುಮಾರು 600 ಸ್ಲೈಡುಗಳಿವೆ (ಫ್ರೇಮಿನಲ್ಲಿ ಕೂರಿಸಿದ, ಪ್ರೊಜೆಕ್ಟರಿನಲ್ಲಿ ನೋಡುವ ಫಿಲ್ಮ್ ತುಣುಕುಗಳು), ಅರ್ಧಕ್ಕರ್ಧ ಕೊಡಾಕ್ ಕಂಪನಿಯ ಕೊಡಾಕ್ರೋಮ್ ಫಿಲ್ಮಿನವು. ಮನೆಯಲ್ಲೇ ಸ್ಕ್ಯಾನ್ ಮಾಡುವ ಆಸೆ. ಪ್ರಿಂಟೂ ಫಿಲ್ಮೂ ಸ್ಕ್ಯಾನ್ ಮಾಡುವ ಎಪ್ಸನ್ ವಿ600 ಸಾಕೇ, ಫಿಲ್ಮಿಗೆಂದೇ ಇರುವ ಪ್ಲಸ್‌ಟೆಕ್ ಬೇಕೇ? ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಪುಟ್ಟ ಸ್ಕ್ಯಾನರ್ ಹೇಗೆ?
– ಓದುಗರು, ಡೊಂಬಿವಲಿ

ಉತ್ತರ: ಪುಟ್ಟದ್ದು ಬೇಡ. ಅದರೊಳಗಿರುವುದು ಒಂದು ಸಣ್ಣ ಕ್ಯಾಮೆರಾ, ಅಷ್ಟೆ. ಸ್ಲೈಡಿನ ಕಪ್ಪು ಬಹಳ ಗಾಢ. ಅಲ್ಲಿನ ವಿವರ ಅದಕ್ಕೆ ಸಿಗುವುದಿಲ್ಲ, ಬಿಳಿ ಸೀರೆ, ಆಕಾಶಗಳೆಲ್ಲ ಸುಣ್ಣ ಬಳಿದಂತಾಗುತ್ತವೆ.

ಉಳಿದ ಎರಡರಲ್ಲಿ ಡಬ್ಬದ ಮೇಲಿನ ಡಿಪಿಐ (ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಎಂಬ ಲೆಕ್ಕ) ನೋಡಿ ಆರಿಸಬೇಡಿ. ವಿ600 ಹೇಳುವುದು 6400, ಸ್ಲೈಡಿನಿಂದ ನಿಜಕ್ಕೂ ಹೊರತೆಗೆಯುವುದು 1500–1600. ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ 8200ಐ ಹೇಳುವುದು 7200, ಕೊಡುವುದು 3200ರ ಸುತ್ತ. ಸ್ಲೈಡಿನ ಚಿತ್ರ ಬರೀ 24×36 ಮಿ.ಮೀ. ಇರುವುದರಿಂದ ಇದು ದೊಡ್ಡ ವ್ಯತ್ಯಾಸವೇ. 1600ರಲ್ಲಿ ಏಳೂವರೆ ಇಂಚು ಅಗಲದ ಒಳ್ಳೆಯ ಪ್ರಿಂಟ್ ಬರುತ್ತದೆ, 3200ರಲ್ಲಿ 15 ಇಂಚಿನದು. ಆಲ್ಬಮ್ಮಿನ ಹಳೆ ಪ್ರಿಂಟುಗಳನ್ನೂ ಸ್ಕ್ಯಾನ್ ಮಾಡುವುದಿದ್ದರೆ ವಿ600 ತೆಗೆದುಕೊಳ್ಳಿ. ಸ್ಲೈಡುಗಳೇ ಮುಖ್ಯವಾದರೆ ಪ್ಲಸ್‌ಟೆಕ್. ಆದರೆ ಅದರಲ್ಲಿ ಟ್ರೇಯನ್ನು ಪ್ರತಿ ಸ್ಲೈಡಿಗೂ ಕೈಯಿಂದಲೇ ಸರಿಸಬೇಕು, ಒಂದೊಂದಕ್ಕೂ ಕೆಲವು ನಿಮಿಷ ಹಿಡಿಯುತ್ತದೆ. ದಿನಕ್ಕೆ ಇಪ್ಪತ್ತೈದರಂತೆ ಇಟ್ಟುಕೊಂಡರೆ ಬೇಸರವಾಗುವುದಿಲ್ಲ.

3600 ಡಿಪಿಐ, 48 ಬಿಟ್ ಟಿಫ್ (ಬಣ್ಣದ ವಿವರ ಕಳೆಯದೆ ಉಳಿಸುವ ಫೈಲ್ ಬಗೆ) ಇಡಿ. ಒಂದು ಫೈಲ್ ಸುಮಾರು 100 ಎಂಬಿ, ಅಂದರೆ 600ಕ್ಕೆ 60 ಜಿಬಿ ಚಿಲ್ಲರೆ. 7200ಕ್ಕೆ ಏರಿಸಿದರೆ ಫೈಲ್ ನಾಲ್ಕು ಪಟ್ಟು ಹಿಗ್ಗುತ್ತದೆ, ವಿವರ ಸ್ವಲ್ಪವೇ ಹೆಚ್ಚುತ್ತದೆ.

ಇನ್ನು ಕೊಡಾಕ್ರೋಮ್. ಧೂಳು, ಗೀರು ಅಳಿಸಲು ಈ ಯಂತ್ರಗಳು ಇನ್‌ಫ್ರಾರೆಡ್ ಬೆಳಕು ಹಾಯಿಸುತ್ತವೆ. ಸಾಮಾನ್ಯ ಸ್ಲೈಡಿನ ಬಣ್ಣದ ಮೂಲಕ ಅದು ಹಾದುಹೋಗುತ್ತದೆ, ಧೂಳು ಮಾತ್ರ ತಡೆಯುತ್ತದೆ. ಕೊಡಾಕ್ರೋಮಿನಲ್ಲಿ ಚಿತ್ರವೇ ಸ್ವಲ್ಪ ತಡೆಯುವುದರಿಂದ ಸಾಫ್ಟ್‌ವೇರ್ ರೆಪ್ಪೆ, ಕೂದಲಿನ ಎಳೆಯನ್ನೂ ಧೂಳೆಂದು ಒರೆಸಿಬಿಡಬಹುದು. ಅಂಥ ಸ್ಲೈಡಿಗೆ ಅದನ್ನು ಆಫ್ ಮಾಡಿ, ರಬ್ಬರ್ ಬ್ಲೋಅರ್‌ನಿಂದ ಎರಡೂ ಕಡೆ ಊದಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಸಿಲ್ವರ್‌ಫಾಸ್ಟ್ ಸಾಫ್ಟ್‌ವೇರಿನಲ್ಲಿ ‘ಕೊಡಾಕ್ರೋಮ್’ ಆಯ್ಕೆ ಒತ್ತಲು ಮರೆಯಬೇಡಿ. ಒತ್ತದಿದ್ದರೆ ಚಿತ್ರ ನೀಲಿಗೆ ತಿರುಗುತ್ತದೆ. ಸ್ಲೈಡ್ ಹಿಂದುಮುಂದಾಗಿ ಕೂತರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಬರುತ್ತದೆ, ಹಾಗಾಗಿ ಮೊದಲ ಸ್ಕ್ಯಾನಿನಲ್ಲೇ ಅಂಗಡಿ ಬೋರ್ಡಿನ ಅಕ್ಷರವೋ ಸೀರೆಯ ಸೆರಗೋ ಎಡಬಲ ಸರಿಯಿದೆಯೇ ನೋಡಿಕೊಳ್ಳಿ.

ಸ್ಕ್ಯಾನ್ ಆಯಿತೆಂದು ಸ್ಲೈಡುಗಳನ್ನು ದಯವಿಟ್ಟು ಎಸೆಯಬೇಡಿ. ಕತ್ತಲಲ್ಲಿಟ್ಟ ಕೊಡಾಕ್ರೋಮಿನ ಬಣ್ಣ ಹಾರ್ಡ್‌ಡಿಸ್ಕಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಪ್ರಶ್ನೆ: ಗಾಜಿನ ಫ್ರೇಮಿನ ಸ್ಲೈಡುಗಳ ಮೇಲೆ ಬಿಳಿ ಬಲೆಯಂಥದ್ದು ಹರಡಿದೆ. ಒದ್ದೆ ಬಟ್ಟೆಯಿಂದ ಒರೆಸಬಹುದೇ?
– ಓದುಗರು, ಮಡಗಾಂವ್

ಉತ್ತರ: ಖಂಡಿತ ಬೇಡ. ಅದು ಬೂಷ್ಟು. ಚಿತ್ರ ಕೂತಿರುವ ಜಿಲೆಟಿನ್ ಪದರವನ್ನೇ ಅದು ತಿನ್ನುತ್ತದೆ. ತಿಂದು ಮೆತ್ತಗಾದ ಜಿಲೆಟಿನ್ ನೀರು ತಾಗಿದರೆ ಕರಗಿ ಚಿತ್ರವೇ ಕಿತ್ತುಬರುತ್ತದೆ. ಗಾಜಿನ ನಡುವೆ ತೇವ ಸಿಕ್ಕಿಬಿದ್ದಿರುತ್ತದೆ, ಆದ್ದರಿಂದ ಮೊದಲು ಫಿಲ್ಮನ್ನು ಹೊರತೆಗೆಯಿರಿ. ಗಾಜಿದ್ದರೆ ಸ್ಕ್ಯಾನಿನಲ್ಲಿ ಕಾಮನಬಿಲ್ಲಿನಂಥ ಉಂಗುರಗಳೂ ಮೂಡುತ್ತವೆ. 98 ಶೇಕಡಾಕ್ಕೂ ಹೆಚ್ಚಿನ ಐಸೋಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಗೆ ತುಸುವೇ ತಾಗಿಸಿ, ಕಿಟಕಿ ತೆರೆದಿಟ್ಟು, ಬೇಡದ ಒಂದು ಸ್ಲೈಡಿನ ಮೇಲೆ ಮೊದಲು ಪರೀಕ್ಷಿಸಿ. ಹೊಳೆಯುವ ಮುಖವನ್ನು ಧೈರ್ಯವಾಗಿ ಒರೆಸಿ. ಮಂಕು ಮುಖದಲ್ಲಿ ಚಿತ್ರವಿದೆ, ಅಲ್ಲಿ ಒತ್ತಬೇಡಿ. ಬೂಷ್ಟು ತಿಂದುಹಾಕಿದ ಬಣ್ಣ ಮರಳುವುದಿಲ್ಲ. ಈ ಕೆಲಸವನ್ನು ಮಳೆಗಾಲ ಮುಗಿದ ಮೇಲೆ ಮಾಡಿ, ಆಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಪ್ರಶ್ನೆ: ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ. ಸ್ಲೈಡ್ ಸ್ಕ್ಯಾನ್ ಅದರಲ್ಲೇ ಆಗದೇ?
– ಓದುಗರು, ಪುಣೆ

ಉತ್ತರ: ಆಗುತ್ತದೆ, ವೇಗವಾಗಿಯೂ. 24 ಮೆಗಾಪಿಕ್ಸೆಲ್, 1:1 ಮ್ಯಾಕ್ರೋ ಲೆನ್ಸ್ (ಹತ್ತಿರದ ವಸ್ತುವನ್ನು ಅದರ ನಿಜ ಗಾತ್ರದಲ್ಲೇ ಹಿಡಿಯುವಂಥದ್ದು), ಸಿಆರ್‌ಐ (ಬೆಳಕಿನಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆಂಬ ಅಳತೆ) 95ಕ್ಕಿಂತ ಹೆಚ್ಚಿರುವ ಎಲ್‌ಇಡಿ ಪ್ಯಾನೆಲ್ ಬೇಕು. ಎಫ್/8, ಐಎಸ್‌ಒ 100, ಟೈಮರ್ ಇಟ್ಟು ರಾ ಫೈಲಿನಲ್ಲಿ ತೆಗೆಯಿರಿ, ಕೋಣೆಯ ದೀಪ ಆರಿಸಿ. ಧೂಳು ಅಳಿಸುವ ಇನ್‌ಫ್ರಾರೆಡ್ ಮಾತ್ರ ಇಲ್ಲಿಲ್ಲ.