ಗುದ್ದಿಸುವುದರಲ್ಲಿ ಏನು ಸುಖ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ‘ಬರ್ನ್‌ಔಟ್’ ಎಂಬ ಕಾರ್ ರೇಸಿಂಗ್ ವಿಡಿಯೊ ಗೇಮ್ ಸರಣಿಯನ್ನು ಹೊಗಳಿದ್ದೀರಿ. ನನ್ನ ಮಗ ಅದರ ಮೂರನೇ ಭಾಗವನ್ನು ಹಳೆಯ ಪ್ಲೇಸ್ಟೇಷನ್ 2ರಲ್ಲಿ ಆಡುತ್ತಾನೆ. ಬೇಕೆಂದೇ ಕಾರು ಗುದ್ದಿಸಿ ನಗುತ್ತಾನೆ. ನಮ್ಮ ರಸ್ತೆಗಳಲ್ಲಿ ನಡೆಯುತ್ತಿರುವುದು ಸಾಲದೇ? ನಾನೇ ಆಡಿ ನೋಡಬೇಕೆಂದರೆ ಯಾವುದನ್ನು ಆಡಲಿ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ಮಾನ್ಯರೇ,

ಬಹುತೇಕ ರೇಸಿಂಗ್ ಆಟಗಳಲ್ಲಿ ಡಿಕ್ಕಿ ಎಂದರೆ ದಂಡ. ವೇಗ ಹೋಗುತ್ತದೆ, ಹಿಂದಿದ್ದವರು ಮುಂದಾಗುತ್ತಾರೆ, ಆಡುವವನು ಹಲ್ಲು ಕಡಿಯುತ್ತಾ ಕೂರುತ್ತಾನೆ. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಕ್ರೈಟೀರಿಯನ್ ಗೇಮ್ಸ್ ಸಂಸ್ಥೆ 2001ರಲ್ಲಿ ಮೊದಲ ‘ಬರ್ನ್‌ಔಟ್’ ತಂದಾಗ ಅಪಾಯಕ್ಕೇ ಬೆಲೆ ಕಟ್ಟಿತು. ಎದುರು ಬರುವ ವಾಹನಗಳ ಸಾಲಿಗೆ ನುಗ್ಗಿ ಲಾರಿಯನ್ನು ಕೂದಲೆಳೆಯ ಅಂತರದಲ್ಲಿ ತಪ್ಪಿಸಿಕೊಂಡರೆ ‘ಬೂಸ್ಟ್’ ತುಂಬುತ್ತದೆ. ಅದನ್ನು ಬಳಸಿದರೆ ಇನ್ನಷ್ಟು ವೇಗ, ಇನ್ನಷ್ಟು ಅಪಾಯ. 2002ರ ಎರಡನೇ ಭಾಗದಲ್ಲಿ ಡಿಕ್ಕಿಗೆಂದೇ ‘ಕ್ರ್ಯಾಷ್’ ವಿಭಾಗ ಬಂತು.

ನಿಮ್ಮ ಮಗ ಆಡುತ್ತಿರುವುದು 2004ರ ‘ಟೇಕ್‌ಡೌನ್’. ಅವನು ನಗುವ ಹೊತ್ತಿನಲ್ಲಿ ಪರದೆಯನ್ನೊಮ್ಮೆ ನೋಡಿ. ಕಾರು ಗುದ್ದಿ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಿರುವಾಗ ಅವನು ಒಂದು ಗುಂಡಿ ಒತ್ತಿ ಹಿಡಿಯುತ್ತಾನೆ. ಕಾಲ ನಿಧಾನವಾಗುತ್ತದೆ, ಕಿತ್ತುಹೋದ ಬಾನೆಟ್ ತೇಲುತ್ತದೆ, ಆ ಲೋಹದ ಮುದ್ದೆಯನ್ನು ಅವನು ಇನ್ನೂ ಎಡಕ್ಕೆ ಬಲಕ್ಕೆ ವಾಲಿಸಬಲ್ಲ. ಹಿಂದಿನಿಂದ ಬರುತ್ತಿರುವ ಎದುರಾಳಿಯ ದಾರಿಗೆ ಅದನ್ನು ತಂದು ಹಾಕಿದರೆ ಆ ಕಾರೂ ಹೋಯಿತು, ಅಂಕ ಇವನದು. ಈ ‘ಆಫ್ಟರ್‌ಟಚ್’ ಆ ಭಾಗದ ಹೊಸ ಸೇರ್ಪಡೆ. ಸೋತ ಕ್ಷಣದಲ್ಲಿ ಇನ್ನೊಂದು ನಡೆ ಉಳಿದಿರುತ್ತದಲ್ಲ, ಸುಖವಿರುವುದು ಅಲ್ಲಿ.

ಕ್ರ್ಯಾಷ್ ವಿಭಾಗವಂತೂ ಪೂರ್ತಿ ಲೆಕ್ಕಾಚಾರ. ಒಂದು ಕೂಡುರಸ್ತೆ, ಬಸ್ಸು, ಟ್ಯಾಂಕರ್. ಎಷ್ಟು ನಷ್ಟ ಮಾಡಿದರೆ ಅಷ್ಟು ಡಾಲರ್ ಅಂಕ. ಯಾವ ವಾಹನಕ್ಕೆ ಯಾವ ಕೋನದಲ್ಲಿ ತಗುಲಿದರೆ ಟ್ಯಾಂಕರ್ ಅಡ್ಡ ಬೀಳುತ್ತದೆ, ಅಂಕ ಗುಣಿಸುವ ಚಿಹ್ನೆ ಸಿಕ್ಕಿ ಅರ್ಧಕ್ಕಿಳಿಸುವ ಚಿಹ್ನೆ ತಪ್ಪುತ್ತದೆ ಎಂದು ಮೊದಲೇ ಎಣಿಸಬೇಕು. ಕ್ಯಾರಂ ಬೋರ್ಡಿನ ಮೊದಲ ಹೊಡೆತಕ್ಕೆ ಸ್ಟ್ರೈಕರ್ ಇಡುವವನ ಮುಖ ನೆನಪಿಸಿಕೊಳ್ಳಿ.

ಬರೀ ಒಡೆಯುವುದೇ ಸುಖವಾಗಿದ್ದರೆ 2005ರ ‘ರಿವೆಂಜ್’ ಎಲ್ಲಕ್ಕಿಂತ ಚೆನ್ನಾಗಿರಬೇಕಿತ್ತು. ಅಲ್ಲಿ ಮುಂದೆ ಹೋಗುತ್ತಿರುವ ಸಣ್ಣ ಕಾರುಗಳನ್ನು ಹಿಂದಿನಿಂದ ಗುದ್ದಿ ಚೆಲ್ಲಾಪಿಲ್ಲಿ ಮಾಡಿದರೂ ನಿಮ್ಮ ಕಾರಿಗೆ ಏನೂ ಆಗುವುದಿಲ್ಲ. ನನಗೆ ಅದು ಬೇಗ ಸಪ್ಪೆಯಾಯಿತು. ಹೆದರಬೇಕಾದ ವಾಹನಗಳೇ ಕಡಿಮೆಯಾದ ಮೇಲೆ ತಪ್ಪಿಸಿಕೊಳ್ಳುವ ರೋಮಾಂಚನ ಎಲ್ಲಿಂದ ಬರಬೇಕು? (ಇದನ್ನೇ ಮೆಚ್ಚುವ ಗೆಳೆಯರು ನಮ್ಮ ಕಚೇರಿಯಲ್ಲೇ ಇದ್ದಾರೆ, ಅವರ ಪತ್ರವನ್ನೂ ನಿರೀಕ್ಷಿಸುತ್ತಿದ್ದೇನೆ.)

ನಿಮ್ಮ ಆತಂಕವನ್ನು ನಾನು ತಳ್ಳಿಹಾಕುತ್ತಿಲ್ಲ. 1997ರ ‘ಕಾರ್ಮಗೆಡ್ಡನ್’ ಪಾದಚಾರಿಗಳ ಮೇಲೆ ಕಾರು ಹರಿಸಿದ್ದಕ್ಕೇ ಬಹುಮಾನ ಕೊಡುತ್ತಿತ್ತು. ಬ್ರಿಟನ್ನಿನ ಪ್ರಮಾಣೀಕರಣ ಮಂಡಳಿ ಒಪ್ಪಿಗೆ ನಿರಾಕರಿಸಿದಾಗ, ಮನುಷ್ಯರ ಜಾಗದಲ್ಲಿ ಹಸಿರು ರಕ್ತದ ಪ್ರೇತಗಳನ್ನಿಟ್ಟು ಮಾರಿದರು. ಅಂಥ ಆಟವನ್ನು ಮಗನ ಕೈಗೆ ಕೊಡಿ ಎಂದು ನಾನು ಹೇಳಲಾರೆ. ‘ಬರ್ನ್‌ಔಟ್’ನ ಜಾತಿಯೇ ಬೇರೆ. 2008ರ ‘ಪ್ಯಾರಡೈಸ್’ನಲ್ಲಿ ಇಡೀ ಊರಿದೆ, ಫುಟ್‌ಪಾತ್ ಮೇಲೆ ನರಪಿಳ್ಳೆಯಿಲ್ಲ, ಕಾರುಗಳೊಳಗೆ ಚಾಲಕರೂ ಕಾಣುವುದಿಲ್ಲ. ಕಾರುಗಳೂ ಕಲ್ಪಿತ. ತಮ್ಮ ಹೆಸರಿನ ಗಾಡಿ ಹೀಗೆ ನುಜ್ಜುಗುಜ್ಜಾಗುವುದನ್ನು ಯಾವ ಕಂಪನಿ ತಾನೇ ಸುಲಭವಾಗಿ ಒಪ್ಪೀತು! ಆದರೂ ಮಗನಿಗೆ ಲೈಸೆನ್ಸ್ ವಯಸ್ಸಾಗಿಲ್ಲ ಎಂದಾದರೆ, ಆಟದ ಡಿಸ್ಕನ್ನು ಬಚ್ಚಿಡುವ ಮೊದಲು ಮನೆಯ ಬೈಕಿನ ಕೀಯನ್ನು ಎತ್ತಿಡಿ.

ಇನ್ನು ನೀವು ಯಾವುದನ್ನು ಆಡಬೇಕು ಎಂಬ ವಿಚಾರ. ‘ಪ್ಯಾರಡೈಸ್’ನ 2018ರ ಪರಿಷ್ಕೃತ ಆವೃತ್ತಿ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಆದರೆ ಅದರಲ್ಲಿ ಹಳೆಯ ಕೂಡುರಸ್ತೆಗಳ ಲೆಕ್ಕಾಚಾರ ಇಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಮಗನ ಬಳಿ ಇರುವ ಮೂರನೆಯದರಲ್ಲೇ. ಕ್ರ್ಯಾಷ್ ವಿಭಾಗದ ಮೊದಲ ರಸ್ತೆಯಿಂದ ಶುರುಮಾಡಿ, ಚಿನ್ನದ ಪದಕ ಬರುವವರೆಗೆ ಮಗನನ್ನು ಸಲಹೆ ಕೇಳಬೇಡಿ.