ಗೋಕರ್ಣಕ್ಕೆ ಬರುವ ಇಟಲಿಯ ಅತಿಥಿಗೆ ಹತ್ತಿರದಲ್ಲಿ ಯಾವ ಹಳೆಯ ರಾಜಧಾನಿಯನ್ನು ತೋರಿಸಬಹುದು?

ನಿಮ್ಮ ಇಟಲಿಯ ಸಹೋದ್ಯೋಗಿ ನವೆಂಬರಿನಲ್ಲಿ ಗೋಕರ್ಣಕ್ಕೆ ಬರುತ್ತಾರೆ, ಕಡಲತೀರವಷ್ಟೇ ಸಾಲದು, ಒಂದು ಹಳೆಯ ರಾಜಧಾನಿಯನ್ನಾದರೂ ನೋಡಬೇಕೆಂಬುದು ಅವರ ಆಸೆ, ಆದರೆ ಹಂಪಿಗೆ ಹೋಗಿಬರುವಷ್ಟು ಬಿಡುವಿಲ್ಲ, ಕೈಯಲ್ಲಿರುವುದು ಎರಡೇ ದಿನ ಎಂದು ಕೇಳಿದ್ದೀರಿ. ಹೊನ್ನಾವರದವನಾದ ನನ್ನ ಸಲಹೆ ಇಷ್ಟು: ಮೊದಲು ಗೇರುಸೊಪ್ಪೆ, ಆಮೇಲೆ ಇಕ್ಕೇರಿ. ಕ್ರಮ ತಪ್ಪಿಸಬೇಡಿ. ನಾಲ್ಕುನೂರು ವರ್ಷಗಳ ಹಿಂದೆ ಅವರದೇ ನಾಡಿನ ಒಬ್ಬ ಪ್ರವಾಸಿ ಇದೇ ಕ್ರಮದಲ್ಲಿ ಈ ಎರಡು ರಾಜಧಾನಿಗಳನ್ನು ಕಂಡು, ಕಂಡದ್ದನ್ನೆಲ್ಲ ತನ್ನ ಗೆಳೆಯನಿಗೆ ಪತ್ರಗಳಲ್ಲಿ ಬರೆದಿಟ್ಟಿದ್ದಾನೆ.

ಆತನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. 1586ರಲ್ಲಿ ರೋಮಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದವನು, 1614ರಲ್ಲಿ ವೆನಿಸ್ಸಿನಿಂದ ಹಡಗು ಹತ್ತಿ ತುರ್ಕಿ, ಈಜಿಪ್ಟ್, ಬಾಗ್ದಾದು, ಪರ್ಷಿಯಾಗಳನ್ನು ಸುತ್ತಿ 1623ರಲ್ಲಿ ಸೂರತ್ತಿಗೆ ಬಂದಿಳಿದನು. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ಪರ್ಷಿಯಾದಲ್ಲಿ ತೀರಿಕೊಂಡಾಗ ಆಕೆಯ ದೇಹವನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತಕ್ಕೂ ತಂದು, ಕೊನೆಗೆ ರೋಮಿಗೆ ಒಯ್ದು ತನ್ನ ಮನೆತನದ ಸಮಾಧಿಯಲ್ಲಿ ಇರಿಸಿದವನು ಎಂಬುದನ್ನು ನಿಮ್ಮ ಅತಿಥಿ ಬಹುಶಃ ಬಲ್ಲರು. ಗೋವೆಯ ಪೋರ್ಚುಗೀಸರು ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿಯ ಅರಸ ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರಿಯೊಬ್ಬನನ್ನು ಕಳುಹಿಸಿದಾಗ, ಯಾವ ಸರಕಾರಿ ಕೆಲಸವೂ ಇಲ್ಲದೆ, ಬರೀ ನೋಡುವ ಹಂಬಲದಿಂದ ಆ ತಂಡಕ್ಕೆ ಸೇರಿಕೊಂಡನು. ರಾಯಭಾರದ ಹಿಂದಿದ್ದದ್ದು ಕಾಳುಮೆಣಸಿನ ವ್ಯಾಪಾರ ಮತ್ತು ವೆಂಕಟಪ್ಪನು ನೆಲೆ ತಪ್ಪಿಸಿದ್ದ, ಮಂಗಳೂರಿನ ಕಡೆಯ ಬಂಗ ಮನೆತನದ ಅರಸನ ತಗಾದೆ. ಅಕ್ಟೋಬರಿನಲ್ಲಿ ಗೋವೆ ಬಿಟ್ಟವರು ಹಡಗಿನಲ್ಲಿ ಹೊನ್ನಾವರಕ್ಕೆ ಬಂದರು. ಆತ ಇಲ್ಲಿ ನೋಡಿ ಬರೆದ ರಾಮತೀರ್ಥ ಈಗಲೂ ನಮ್ಮೂರಿನಲ್ಲಿದೆ. ಪ್ರವಾಸವನ್ನು ಅಲ್ಲಿಂದಲೇ ಆರಂಭಿಸಬಹುದು, ಅರ್ಧ ಗಂಟೆ ಸಾಕು.

ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಆ ತಂಡ ದೋಣಿಯಲ್ಲಿ ಶರಾವತಿಯನ್ನು ಏರಿ ಹೋಯಿತು, ಹೊಳೆಯ ಎರಡೂ ದಡಗಳ ಚೆಲುವನ್ನು ಆತ ಮನಸಾರೆ ಹೊಗಳಿದ್ದಾನೆ. ಇಂದು ನೀವು ಹೋಗುವುದು ರಸ್ತೆಯಲ್ಲಿ, ಕವಲಕ್ಕಿಯ ಮೇಲೆ ಸುಮಾರು 30 ಕಿ.ಮೀ. ಆದರೂ ಹೊರಡುವ ಮೊದಲು ಹೊನ್ನಾವರದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ದೋಣಿ ವಿಹಾರವನ್ನು ತಪ್ಪಿಸಬೇಡಿ ಎನ್ನುತ್ತೇನೆ. ಗೇರುಸೊಪ್ಪೆ ಯಾಕೆ ರಾಜಧಾನಿಯಾಯಿತು ಎಂಬುದು ಗುಡಿಯ ಕಲ್ಲಿನಿಂದ ತಿಳಿಯುವುದಿಲ್ಲ, ಹೊಳೆಯಿಂದ ತಿಳಿಯುತ್ತದೆ. ಘಟ್ಟದ ಮೇಲಿನ ಮೆಣಸು ಎತ್ತಿನ ಹೇರಿನಲ್ಲಿ ಇಳಿದು ಬರುವ ದಾರಿ ಮುಗಿಯುವ ಕಡೆ, ಕಡಲಿನಿಂದ ದೋಣಿ ಮೇಲೇರಿ ಬರಬಲ್ಲ ಹೊಳೆಯೂ ಮುಗಿಯುತ್ತದೆ. ಆ ಎರಡೂ ಕೂಡುವ ಜಾಗದಲ್ಲಿ ಕುಳಿತವರ ಕೈಯಲ್ಲಿ ಸುಂಕವೂ ಇತ್ತು, ಬೆಲೆಯೂ ಇತ್ತು. ಗೇರುಸೊಪ್ಪೆಯನ್ನು ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಮೆಚ್ಚಿಕೊಂಡಲ್ಲ, ಲೆಕ್ಕ ಹಾಕಿ.

ಇಲ್ಲಿ ಒಂದು ಮಾತು. ಗೋಕರ್ಣದ ಟ್ಯಾಕ್ಸಿಯವರು ಮಿರ್ಜಾನ್ ಕೋಟೆಯನ್ನು ತೋರಿಸಿ, ಇದೇ ಆಕೆಯ ರಾಜಧಾನಿ ಎಂದು ಹೇಳಿಬಿಡುವುದುಂಟು. ಅದು ಅಘನಾಶಿನಿಯ ಬಂದರನ್ನು ಕಾಯುತ್ತಿದ್ದ ಕೋಟೆ, ಮಳೆ ಮುಗಿದ ಹೊಸತರಲ್ಲಿ ಹಸಿರು ಹೊದ್ದು ಫೋಟೋಕ್ಕೆ ಬಹಳ ಚೆನ್ನಾಗಿ ಕಾಣುತ್ತದೆ, ದಾರಿಯಲ್ಲೇ ಸಿಗುವುದರಿಂದ ನೋಡಿಕೊಂಡೂ ಹೋಗಿ. ಆದರೆ ರಾಜಧಾನಿ ಇದ್ದದ್ದು ಗೇರುಸೊಪ್ಪೆಯ ಹತ್ತಿರದ ನಗರಬಸ್ತಿಕೇರಿಯಲ್ಲಿ.

ನಗರಬಸ್ತಿಕೇರಿಯ ಚತುರ್ಮುಖ ಬಸದಿಯ ಎದುರು ನಿಂತಾಗ ನಿಮ್ಮ ಅತಿಥಿಗೆ ಮೊದಲು ಅನಿಸುವುದು, ಇಲ್ಲಿ ಊರು ಎಲ್ಲಿದೆ ಎಂದು. ಸುತ್ತ ಕಾಡು, ನಡುವೆ ಗ್ರಾನೈಟ್ ಕಲ್ಲಿನ ಒಂದು ಕಟ್ಟಡ, ಮೇಲೆ ಶಿಖರವಿಲ್ಲ. ನಾಲ್ಕು ದಿಕ್ಕಿಗೂ ಬಾಗಿಲು, ಗರ್ಭಗುಡಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ದಿಕ್ಕಿಗೆ ಮುಖ ಮಾಡಿ ಕುಳಿತ ನಾಲ್ವರು ಜಿನರು. ಯಾವ ಬಾಗಿಲಿನಿಂದ ಒಳಗೆ ಹೋದರೂ ಎದುರಿಗೆ ಒಂದೇ ಬಗೆಯ ಶಾಂತ ಮುಖ. ಹೊರಗಿನ ಬೆಳಕಿಗೆ ಹೊಂದಿದ ಕಣ್ಣು ಒಳಗಿನ ಕತ್ತಲಿಗೆ ಒಗ್ಗುವವರೆಗೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು, ಬಾವಲಿಯ ವಾಸನೆಯನ್ನು ಸಹಿಸಿಕೊಳ್ಳಬೇಕು, ಮೊಬೈಲಿನ ಟಾರ್ಚ್ ಹಾಕುವ ಅವಸರ ಬೇಡ. ಆಮೇಲೆ ಹತ್ತಿರದ ನೇಮಿನಾಥ, ಪಾರ್ಶ್ವನಾಥ ಬಸದಿಗಳನ್ನು ನೋಡಿ, ಈಗಲೂ ಪೂಜೆ ನಡೆಯುವ ಜ್ವಾಲಾಮಾಲಿನಿ ಗುಡಿಗೂ ಹೋಗಿಬನ್ನಿ.

ಈ ಊರು ಹಾಳಾದದ್ದು ಈಚೆಗಲ್ಲ. ದೆಲ್ಲಾ ವಾಲ್ಲೆ ಬಂದಾಗಲೇ ಪಟ್ಟಣವೂ ಅರಮನೆಯೂ ಕುಸಿದು, ಮರಗಳು ಬೆಳೆದು, ಒಂದಷ್ಟು ಗುಡಿಸಲುಗಳು ಮಾತ್ರ ಉಳಿದಿದ್ದವು. ಕೆಳದಿಯವರು ಗೇರುಸೊಪ್ಪೆಯನ್ನು ಗೆದ್ದು ಆಗ ಎರಡು ದಶಕವೂ ಆಗಿರಲಿಲ್ಲ. ಮಲೆನಾಡಿನ ಮಳೆಯಲ್ಲಿ ಮಣ್ಣಿನ ಗೋಡೆ, ಮರದ ತೊಲೆಯ ಅರಮನೆಯನ್ನು ವರ್ಷವರ್ಷ ಹೊದಿಸದೆ ಬಿಟ್ಟರೆ ಅಷ್ಟು ಸಮಯ ಸಾಕು. ಕೊನೆಯ ರಾಣಿ ಹೊರಗಿನವನೊಬ್ಬನಿಗೆ ಮನಸೋತು ರಾಜ್ಯ ಕಳೆದುಕೊಂಡಳು ಎಂಬ ಕಥೆಯನ್ನೂ ಆತ ಬರೆದಿದ್ದಾನೆ. ಅದನ್ನು ಅತಿಥಿಗೆ ಇತಿಹಾಸವೆಂದು ಹೇಳಬೇಡಿ. ಆತನ ಜೊತೆ ಪಯಣಿಸುತ್ತಿದ್ದವರಲ್ಲಿ ವೆಂಕಟಪ್ಪ ನಾಯಕನ ಕಡೆಯ ರಾಯಭಾರಿ ವಿಠ್ಠಲ ಶೆಣೈಯೂ ಇದ್ದನು. ಗೆದ್ದವರ ಬಾಯಲ್ಲಿ ಸೋತ ರಾಣಿಯ ಕಥೆ ಹೇಗಿರುತ್ತದೆಂದು ನಾನು ಬೇರೆ ಹೇಳಬೇಕಿಲ್ಲ.

ಗೇರುಸೊಪ್ಪೆಯಿಂದ ಮಾವಿನಗುಂಡಿಯವರೆಗಿನ ಘಾಟಿಯನ್ನು ನಿಧಾನವಾಗಿ ಏರಿ. ಅದೃಷ್ಟವಿದ್ದರೆ ರಸ್ತೆಯ ಬದಿಯ ಮರಗಳಲ್ಲಿ ಸಿಂಗಳೀಕ ಕಾಣಿಸುತ್ತದೆ, ಅದಕ್ಕೆ ತಿನ್ನಲು ಏನನ್ನೂ ಎಸೆಯದಂತೆ ಅತಿಥಿಗೆ ಮೊದಲೇ ಹೇಳಿಡಿ. ಹಿಂದೆ ಇಂಥದೇ ಘಟ್ಟದ ದಾರಿಯಲ್ಲಿ, ಒಂದು ಗುಡಿಯ ಜಗಲಿಯ ಮೇಲೆ, ಕೆಲವು ಹುಡುಗರು ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ಬರೆದದ್ದನ್ನು ರಾಗವಾಗಿ ಹೇಳುತ್ತ, ಗುರುವಿಲ್ಲದೆ ತಮ್ಮತಮ್ಮಲ್ಲೇ ಲೆಕ್ಕ ಕಲಿಯುತ್ತಿದ್ದುದನ್ನು ಆ ರೋಮಿನವನು ನಿಂತು ನೋಡಿದನು. ಕಾಗದವೂ ಖರ್ಚಾಗದ ಈ ವಿಧಾನ ಆತನಿಗೆ ಬಹಳ ಹಿಡಿಸಿತು. ಆತನ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗವಿದು. ದಾರಿಯಲ್ಲಿ ಪರಿಚಯದವರ ತೋಟವಿದ್ದರೆ ಐದು ನಿಮಿಷ ನಿಲ್ಲಿಸಿ, ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಹಸಿ ಕಾಳುಮೆಣಸಿನ ಒಂದು ಗೊಂಚಲನ್ನು ಅವರ ಕೈಗೆ ಕೊಡಿ, ಒಂದು ಕಾಳನ್ನು ಕಚ್ಚಲಿ. ನವೆಂಬರಿನಲ್ಲಿ ಕಾಳು ಬಲಿಯುತ್ತಿರುತ್ತದೆ, ಕೊಯ್ಲು ಆಮೇಲೆ. ಜೋಗ ದಾರಿಯಲ್ಲೇ ಇದೆ, ಇಳಿದು ನೋಡಿ, ಆದರೆ ಲಿಂಗನಮಕ್ಕಿಯ ಅಣೆಕಟ್ಟು ಆದ ಮೇಲೆ ಮಳೆಗಾಲ ಕಳೆದರೆ ನೀರು ಕಡಿಮೆಯೆಂದು ತಿಳಿಸಿಯೇ ಕರೆದೊಯ್ಯಿರಿ.

ರಾತ್ರಿ ಸಾಗರದಲ್ಲಿ ಉಳಿದು, ಮರುದಿನ ಬೆಳಿಗ್ಗೆ ಅಲ್ಲಿಂದ ಸುಮಾರು 6 ಕಿ.ಮೀ. ದೂರದ ಇಕ್ಕೇರಿಗೆ ಹೋಗಿ. 1623ರ ಇಕ್ಕೇರಿ ಜೀವಂತ ರಾಜಧಾನಿ. ಒಂದರ ಒಳಗೊಂದು ಬಾಗಿಲುಗಳನ್ನು ದಾಟಿ ಒಳಹೊಕ್ಕ ದೆಲ್ಲಾ ವಾಲ್ಲೆ, ಊರು ಬಹಳ ವಿಸ್ತಾರವಾಗಿದ್ದರೂ ಮನೆಗಳು ವಿರಳವೆಂದು ಬರೆದನು. ರಾತ್ರಿ ಬಣ್ಣದ ಕೋಲುಗಳನ್ನು ತಾಳಕ್ಕೆ ಸರಿಯಾಗಿ ಬಡಿಯುತ್ತ ಹಾಡಿ ಕುಣಿಯುವ ಹುಡುಗಿಯರ ಕೋಲಾಟವನ್ನು ನೋಡಿದನು. ವೆಂಕಟಪ್ಪನನ್ನು ರಾಜನೆನ್ನಲು ಮಾತ್ರ ಆತನಿಗೆ ಮನಸ್ಸು ಬರಲಿಲ್ಲ, ಸಣ್ಣ ಅರಸ ಎನ್ನುವುದೇ ಸರಿ ಎಂದನು. ಯುರೋಪಿನ ಅರಮನೆಗಳನ್ನು ಕಂಡವನ ಬಿಗುಮಾನ ಅದು ಎಂದು ನನ್ನ ಅನಿಸಿಕೆ, ಏಕೆಂದರೆ ಅದೇ ಸಣ್ಣ ಅರಸನ ಬಾಗಿಲಿಗೆ ಮೆಣಸಿಗಾಗಿ ಗೋವೆಯಿಂದ ರಾಯಭಾರ ಬಂದಿತ್ತು.

ಆ ಪತ್ರಗಳಲ್ಲಿ ಕಹಿಯಾದ ಸಂಗತಿಯೂ ಇದೆ, ನಿಮ್ಮ ಅತಿಥಿ ಓದಿ ಬಂದರೆ ಖಂಡಿತ ಕೇಳುತ್ತಾರೆ. ಇಕ್ಕೇರಿಯಲ್ಲಿ ಗಂಡನನ್ನು ಕಳೆದುಕೊಂಡು ಸಹಗಮನಕ್ಕೆ ಸಿದ್ಧಳಾಗಿದ್ದ ಹೆಂಗಸೊಬ್ಬಳನ್ನು ಆತ ಅವಳ ಮನೆಗೇ ಹೋಗಿ ಮಾತನಾಡಿಸಿದನು, ಬೇಡವೆಂದು ಹೇಳಿ ನೋಡಿದನು, ತನ್ನ ಇಚ್ಛೆಯಿಂದಲೇ ಹೋಗುತ್ತಿದ್ದೇನೆ ಎಂಬ ಉತ್ತರವನ್ನು ಪಡೆದನು. ಸುತ್ತ ಬಂಧುಗಳು ನೆರೆದಿದ್ದಾಗ ಬಂದ ಆ ಉತ್ತರವನ್ನು ಎಷ್ಟು ನಂಬಬೇಕೆಂಬುದನ್ನು ನಿಮ್ಮ ಅತಿಥಿಯ ವಿವೇಚನೆಗೆ ಬಿಡಿ, ವಿಷಯವನ್ನು ಮಾತ್ರ ಮುಚ್ಚಿಡಬೇಡಿ. ನಮ್ಮ ಕಡೆಯ ಎಷ್ಟೋ ಊರುಗಳ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ), ಹೀಗೆ ಸಹಗಮನ ಮಾಡಿದವರ ನೆನಪಿನ ಮಾಸ್ತಿಕಲ್ಲುಗಳು ನಿಂತೇ ಇವೆ.

ಕೋಟೆ ಹೋಯಿತು, ಮಣ್ಣು ಮತ್ತು ಮರದ ಅರಮನೆ ಹೋಯಿತು, ರಾಜಧಾನಿ ಬಿದನೂರಿಗೆ ಹೋಯಿತು, ಇಕ್ಕೇರಿಯ ಹೆಸರು ಮಾತ್ರ ಇಕ್ಕೇರಿ ವರಹವೆಂಬ ಚಿನ್ನದ ನಾಣ್ಯದ ಮೇಲೆ ಬಹುಕಾಲ ಓಡಾಡಿತು. ಉಳಿದಿರುವುದು ಅಘೋರೇಶ್ವರ ದೇವಸ್ಥಾನ. ಎದುರಿನ ಮಂಟಪದ ದೊಡ್ಡ ನಂದಿಯನ್ನು ಎಲ್ಲರೂ ನೋಡುತ್ತಾರೆ. ನೀವು ಒಳಗೆ ಗರ್ಭಗುಡಿಯ ಮುಂದಿನ ನೆಲವನ್ನೂ ತೋರಿಸಿ. ಅಲ್ಲಿ ನಮಸ್ಕರಿಸುತ್ತಿರುವ ಮೂವರು ಕೆಳದಿ ನಾಯಕರ ಆಕೃತಿಗಳಿವೆ, ಒಬ್ಬನ ಕೈಕಾಲಿಗೆ ಸಂಕೋಲೆ. ಅರಸರ ವೈಭವದ ವಿವರಣೆಗಳನ್ನು ಕೇಳಿ ದಣಿದ ವಿದೇಶಿಯರು ಇದರ ಮುಂದೆ ಮಾತ್ರ ಕುಕ್ಕರಗಾಲಿನಲ್ಲಿ ಕುಳಿತುಬಿಡುವುದನ್ನು ಕಂಡಿದ್ದೇನೆ.

ಬನವಾಸಿಯನ್ನು ಯಾಕೆ ಮೊದಲು ಹೇಳಲಿಲ್ಲ ಎಂದು ಶಿರಸಿಯ ಕಡೆಯವರು ಕೋಪಿಸಿಕೊಳ್ಳಬಹುದು. ಕದಂಬರ ರಾಜಧಾನಿ ಈ ಎರಡಕ್ಕಿಂತ ಸಾವಿರ ವರ್ಷ ಹಳೆಯದು, ಮಧುಕೇಶ್ವರನ ಗುಡಿಯೂ ವರದೆಯ ದಡವೂ ಸುಂದರ, ಇದರಲ್ಲಿ ತಕರಾರಿಲ್ಲ. ಆದರೆ ಅಲ್ಲಿ ಪದರದ ಮೇಲೆ ಪದರವಾಗಿ ಕೂತಿರುವ ಕಾಲವನ್ನು ಬಿಡಿಸಿ ಹೇಳಬಲ್ಲವರು ಜೊತೆಗಿರಬೇಕು, ಇಲ್ಲದಿದ್ದರೆ ಅದು ಇನ್ನೊಂದು ದೇವಸ್ಥಾನವಾಗಿಯೇ ಕಾಣುತ್ತದೆ. ಸಮಯ ಉಳಿದರೆ ಇಕ್ಕೇರಿಯಿಂದ ಮರಳುವಾಗ ಸೊರಬದ ಮೇಲೆ ಬನವಾಸಿಗೆ ಬಂದು, ಶಿರಸಿ, ಕುಮಟಾ ದಾರಿಯಾಗಿ ಗೋಕರ್ಣ ಸೇರಬಹುದು.

ಇನ್ನು ಕೆಲವು ವ್ಯವಹಾರದ ಮಾತುಗಳು. ನವೆಂಬರ್ ಒಳ್ಳೆಯ ಕಾಲ, ಕಾಡಿನ ನೆಲ ಹಸಿಯಿದ್ದರೆ ಉಂಬಳದ (ಕಾಡಿನ ಜಿಗಣೆಯ) ಕಾಟ ಇರುತ್ತದೆ, ಉಪ್ಪು ಇಟ್ಟುಕೊಳ್ಳಿ. ಪ್ರವಾಸ ಮುಂದಕ್ಕೆ ಹೋಗಿ ಡಿಸೆಂಬರಿನಿಂದ ಬೇಸಿಗೆಯವರೆಗಿನ ತಿಂಗಳುಗಳಿಗೆ ಬಿದ್ದರೆ, ಸಾಗರ, ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಸುದ್ದಿ ವಿಚಾರಿಸಿಕೊಂಡು, ದಾರಿ ಬಿಟ್ಟು ಕಾಡಿನೊಳಗೆ ಹೋಗದಂತೆ ನೋಡಿಕೊಳ್ಳಿ, ಅದು ಉಣ್ಣೆಯೆಂಬ ರಕ್ತ ಹೀರುವ ಹುಳುವಿನಿಂದ ಹರಡುವ ಕಾಯಿಲೆ. ವಿದೇಶಿ ಅತಿಥಿಯನ್ನು ಉಳಿಸಿಕೊಳ್ಳುವವರು 24 ಗಂಟೆಯೊಳಗೆ ಅದನ್ನು ಆನ್‌ಲೈನಿನಲ್ಲಿ ನೋಂದಾಯಿಸಬೇಕಾಗುತ್ತದೆ, ಸಣ್ಣ ಲಾಡ್ಜುಗಳು ಈ ಕಾರಣಕ್ಕೇ ಕೋಣೆ ಇಲ್ಲವೆನ್ನುವುದುಂಟು, ಆದ್ದರಿಂದ ಸಾಗರದಲ್ಲಿ ಮೊದಲೇ ಮಾತಾಡಿ ಕಾಯ್ದಿರಿಸಿ. ಶಿರಸಿಯ ಮೇಲೆ ಮರಳುವುದಾದರೆ ದೇವಿಮನೆ ಘಾಟಿಯ ರಸ್ತೆ ತೆರೆದಿದೆಯೇ ಎಂದು ಬೆಳಿಗ್ಗೆಯೇ ಫೋನ್ ಮಾಡಿ ಕೇಳಿಕೊಂಡು ಹೊರಡಿ.