ತೇಲುವ ಹಿಮ ಕರಗಿದರೆ ಕಡಲಿಗೇನಾಗುತ್ತದೆ?

ಮಾನ್ಯರೇ, ನೀರಿನ ಮೇಲೆ ಈಗಾಗಲೇ ತೇಲುತ್ತಿರುವ ಐಸ್ ಶೆಲ್ಫ್ (ನೆಲದ ಹಿಮನದಿಗಳು ಕಡಲ ಮೇಲೆ ಚಾಚಿಕೊಂಡ ದಪ್ಪನೆಯ ಹಿಮದ ಹಾಸು) ಕರಗಿದರೆ ಸಮುದ್ರಮಟ್ಟ ಹೆಚ್ಚೇನೂ ಏರದು, ಹಾಗಿದ್ದ ಮೇಲೆ ಆತಂಕವೇಕೆ ಎಂದು ಸಕಲೇಶಪುರದಿಂದ ಕೇಳಿದ್ದೀರಿ. ಮಟ್ಟದ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಕರಗಿ ಸೇರುವುದು ಸಿಹಿನೀರು ಎಂಬುದೇ ಇಲ್ಲಿ ಮುಖ್ಯ. ಹಾಸನದ ನಮ್ಮ ಪ್ರೌಢಶಾಲೆಯಲ್ಲಿ ನಾನು ಮಕ್ಕಳಿಗೆ, ಲೋಟದಲ್ಲಿನ ಉಪ್ಪುನೀರಿನ ಮೇಲೆ ಬೀಟ್‌ರೂಟ್ ರಸದ ಹನಿ ಬೆರೆಸಿದ ಸಿಹಿನೀರನ್ನು ಚಮಚದ ಬೆನ್ನಿನ ಮೇಲಿಂದ ಮೆಲ್ಲನೆ ಇಳಿಸಿ ತೋರಿಸುತ್ತೇನೆ. ಉಪ್ಪುನೀರಿಗಿಂತ ಹಗುರವಾದ್ದರಿಂದ ಕೆಂಪು ಪದರ ಬಹಳ ಹೊತ್ತು ಮೇಲೆಯೇ ನಿಲ್ಲುತ್ತದೆ.

ಅಂಟಾರ್ಕ್ಟಿಕದ ಸುತ್ತಲೂ ಕೆಲಸ ಮಾಡುವುದು ಇದೇ ತತ್ತ್ವ. ವೆಡೆಲ್ ಮತ್ತು ರಾಸ್ ಸಮುದ್ರಗಳಲ್ಲಿ ಕಡಲನೀರು ಹೆಪ್ಪುಗಟ್ಟುವಾಗ ಹೊರಬೀಳುವ ಉಪ್ಪಿನಿಂದ ಭಾರವಾದ ತಣ್ಣನೆಯ ನೀರು, ಆಮ್ಲಜನಕವನ್ನು ಹೊತ್ತು ಸಾಗರದ ತಳಕ್ಕಿಳಿದು ಉತ್ತರದತ್ತ ಹರಡುತ್ತದೆ. ಸಿಹಿನೀರು ಬೆರೆತಷ್ಟೂ ಆ ಭಾರ ತಗ್ಗಿ, ಆಳಕ್ಕೆ ಉಸಿರು ತಲುಪಿಸುವ ಈ ಹರಿವು ಸೊರಗುತ್ತದೆ. ಮೇಲಿನ ಹಗುರ ಪದರದಡಿ ಉಳಿದ ಬೆಚ್ಚನೆಯ ನೀರು ಹಿಮದ ಬುಡವನ್ನೇ ಮತ್ತಷ್ಟು ಕರಗಿಸಬಲ್ಲದು ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ.

ಇನ್ನು ಮಟ್ಟದ ಮಾತು. 2002ರಲ್ಲಿ ಸುಮಾರು 3,250 ಚದರ ಕಿಲೋಮೀಟರ್ ವಿಸ್ತಾರದ, ಅಂಟಾರ್ಕ್ಟಿಕದ ಲಾರ್ಸನ್ ಬಿ ಐಸ್ ಶೆಲ್ಫ್ ಕೆಲವೇ ವಾರಗಳಲ್ಲಿ ಒಡೆದುಹೋದ ಬಳಿಕ, ಅದು ತಡೆದು ನಿಲ್ಲಿಸಿದ್ದ ನೆಲದ ಹಿಮನದಿಗಳು ಮೊದಲಿಗಿಂತ ವೇಗವಾಗಿ ಕಡಲಿಗೆ ಜಾರಿದವು. ಮಟ್ಟವನ್ನು ಏರಿಸುವುದು ಆ ಹಿಮ.